ಕಲ್ಲೊಡಲ ನೀರು ಮತ್ತು ಅದಕ್ಕೊದಗಿರುವ ಕೇಡು

ಸಂಸ್ಕೃತ ಕೋಶಕಾರರು ನೀರಿಗೆ ಕೊಟ್ಟಿರುವ ಹೆಸರುಗಳು ಅನೇಕ. ಅವುಗಳಲ್ಲಿ ‘ಜೀವನ’ವೆಂಬುದೂ ಒಂದು, ‘ಅಮೃತ’ವೆಂಬುದೂ ಒಂದು. ಅಮರಕೋಶವನ್ನು ಬಾಯಿಪಾಠ ಮಾಡಿದ ಹಳೆಯ ತಲೆಮಾರಿನ ವಿದ್ಯಾರ್ಥಿಗಳು ಇವೆರಡನ್ನೂ ಬಲ್ಲರು. ಆದರೆ ಅದೇ ಕೋಶದ ನಾನಾರ್ಥವರ್ಗಕ್ಕೆ ಬಂದಾಗ ‘ವಿಷ’ವೆಂಬ ಪದಕ್ಕೂ ನೀರೆಂಬ ಅರ್ಥವುಂಟೆಂದು ಕಂಡು ಬೆರಗಾಗುತ್ತಿದ್ದರು. ವೈಯಾಕರಣರನ್ನು ಕೇಳಿದರೆ ಸಮಾಧಾನ ಸಿದ್ಧವಾಗಿರುತ್ತಿತ್ತು: ಧಾತುವಿನ ಅರ್ಥ ವ್ಯಾಪ್ತಿ, ಎಲ್ಲೆಡೆಗೂ ಹರಡಿಕೊಳ್ಳುವುದಾದ್ದರಿಂದ ನೀರಿಗೂ ಆ ಹೆಸರು, ಗರಳಕ್ಕೂ ಆ ಹೆಸರು. ವ್ಯಾಕರಣದ ಈ ಚಮತ್ಕಾರದಲ್ಲಿ ಅಂತರ್ಜಲದ ವಿಷಯದ ಒಂದು ಮುಖ್ಯ ಸಂಗತಿ ಅಡಗಿದೆ. ನೀರು ತಾನು ಹರಡುವಾಗ ತಾನೊಂದೇ ಹರಡುವುದಿಲ್ಲ. ತನ್ನೊಳಗೆ ಕರಗಿದುದನ್ನೆಲ್ಲ ಹರಡುತ್ತದೆ.

ನೆಲದೊಳಗಿನ ನೀರನ್ನು ಕುರಿತು ಪ್ರಾಚೀನರು ಆಲೋಚಿಸದೆ ಇರಲಿಲ್ಲ. ಕ್ರಿ.ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ‘ದಕಾರ್ಗಲ’ವೆಂಬ ಒಂದು ಅಧ್ಯಾಯವನ್ನೇ ಇದಕ್ಕಾಗಿ ಮೀಸಲಿಟ್ಟಿದ್ದಾನೆ. ಕನ್ನಡದಲ್ಲಿ ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ಲೋಕೋಪಕಾರವು ನೀರಿನ ನೆಲೆಯನ್ನು ಗುರುತಿಸುವ ಕ್ರಮವನ್ನು ಹೇಳುತ್ತದೆ. ಮರಗಿಡ, ಹುತ್ತ, ಕಲ್ಲಿನ ಬಣ್ಣ ಇವುಗಳ ಲಕ್ಷಣದಿಂದ ಆಳದ ನೀರನ್ನು ಊಹಿಸುವ ಈ ವಿದ್ಯೆಯಲ್ಲಿ ಎಲ್ಲವೂ ಇಂದಿನ ಪರೀಕ್ಷೆಗೆ ನಿಲ್ಲುವುದೆಂದು ಹೇಳುವುದು ಅತ್ಯಭಿಮಾನವಾದೀತು. ಆದರೆ ಅದರ ಮೂಲಕಲ್ಪನೆಯೊಂದು ಗಮನಾರ್ಹವಾಗಿದೆ. ದೇಹದಲ್ಲಿ ನಾಳಗಳಿರುವಂತೆ ಭೂಮಿಯೊಳಗೆ ನೀರಿನ ‘ಶಿರೆ’ಗಳಿವೆ ಎಂಬುದು ಆ ಕಲ್ಪನೆ. ಹೊಳೆಯ ದಂಡೆಯ ಮರಳುನೆಲಕ್ಕೆ ಈ ಮಾತು ಅಷ್ಟಾಗಿ ಹೊಂದುವುದಿಲ್ಲ; ಅಲ್ಲಿ ನೀರು ಒದ್ದೆ ಬಟ್ಟೆಯಲ್ಲಿ ಹರಡಿದಂತೆ ಎಲ್ಲೆಡೆಯೂ ಹರಡಿರುತ್ತದೆ. ಕಲ್ಲುನೆಲಕ್ಕಾದರೋ ಇದು ಬಹುಮಟ್ಟಿಗೆ ಒಪ್ಪುವ ಹೋಲಿಕೆ. ಬಂಡೆಯ ಒಡಲಲ್ಲಿ ನೀರು ಬಿರುಕುಗಳನ್ನೇ ದಾರಿ ಮಾಡಿಕೊಂಡು ನಾಳದಲ್ಲಿ ಹರಿವಂತೆ ಹರಿಯುತ್ತದೆ. ನಾಳದ ಒಂದು ಕಡೆ ನಂಜು ಸೇರಿದರೆ ಮತ್ತೊಂದು ಕಡೆ ಅದು ಕಾಣಿಸಿಕೊಳ್ಳುವುದು ಸಹಜವೇ ಸರಿ.

ಕಲ್ಲೊಳಗೆ ಹರಿಯುವ ನೀರಿನ ಸ್ವಭಾವವನ್ನು ಅರಿಯಲು ಸುಣ್ಣಕಲ್ಲಿನ ನಾಡಿನಿಂದ ಆರಂಭಿಸುವುದು ಸುಲಭ. ಕನ್ನಡನಾಡಿನ ಎಷ್ಟೋ ಶಾಲೆಗಳ ಜಗಲಿಗೂ ಮಠಗಳ ಪಡಸಾಲೆಗೂ ಹಾಸಿರುವ ಶಹಾಬಾದು ಕಲ್ಲು ಆ ನಾಡಿನದೇ. ಕಲಬುರಗಿ ಸೀಮೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಪ್ರದೇಶಗಳ ಅಡಿಯಲ್ಲಿ ಭೀಮಾ ಕಣಿವೆಯ ಸುಣ್ಣಕಲ್ಲು ಪದರಪದರವಾಗಿ ಹಾಸಿಕೊಂಡಿದೆ. ರಾಷ್ಟ್ರಕೂಟರ ರಾಜಧಾನಿಯಾಗಿ ಕವಿರಾಜಮಾರ್ಗದ ಕಾಲದ ವೈಭವವನ್ನು ಕಂಡ ಮಾನ್ಯಖೇಟವು, ಎಂದರೆ ಇಂದಿನ ಮಳಖೇಡವು, ಕಾಗಿಣಾ ನದಿಯ ದಂಡೆಯಲ್ಲಿ ಇದೇ ನೆಲದ ಮೇಲಿದೆ. ಬಾಗಲಕೋಟೆಯ ಕಡೆಗೆ ಕಲಾದಗಿ, ಲೋಕಾಪುರಗಳ ಸುತ್ತಿನಲ್ಲಿಯೂ ಸುಣ್ಣಕಲ್ಲುಂಟು. ಉತ್ತರ ಕನ್ನಡದ ಯಾಣದ ಭೈರವೇಶ್ವರ ಶಿಖರವನ್ನು ನೋಡಿದವರಿಗೆ ಕಲ್ಲನ್ನು ನೀರು ಹೇಗೆ ಸವೆಸಬಲ್ಲುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮಳೆಯ ನೀರು ಆಕಾಶದಿಂದ ಬೀಳುವಾಗಲೂ ಮಣ್ಣಿನೊಳಗೆ ಇಳಿಯುವಾಗಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅತಿ ಸೌಮ್ಯವಾದ ಆಮ್ಲವಾಗುತ್ತದೆ. ಈ ಆಮ್ಲಕ್ಕೆ ಗ್ರಾನೈಟು ಜಗ್ಗುವುದಿಲ್ಲ. ಸುಣ್ಣಕಲ್ಲು ಮಾತ್ರ ಕರಗುತ್ತದೆ. ಕೂದಲೆಳೆಯಂತಿದ್ದ ಬಿರುಕು ಸಾವಿರಾರು ವರ್ಷಗಳಲ್ಲಿ ಬೆರಳು ಹೋಗುವಷ್ಟಾಗಿ, ಆಮೇಲೆ ಆಳು ಹೋಗುವಷ್ಟಾಗಿ, ಕೊನೆಗೆ ಗವಿಯೂ ಸುರಂಗವೂ ಆಗುತ್ತದೆ. ಮೇಲೆ ಹರಿಯುತ್ತಿದ್ದ ಹಳ್ಳ ಒಂದೆಡೆ ನೆಲದೊಳಗೆ ಮಾಯವಾಗಿ ಹರದಾರಿಗಳಾಚೆ ಚಿಲುಮೆಯಾಗಿ ಹೊರಬರುತ್ತದೆ. ಯೂರೋಪಿನ ಸ್ಲೊವೇನಿಯದಲ್ಲಿ ಕ್ರಾಸ್ ಎಂಬ ಪ್ರಸ್ಥಭೂಮಿಯಲ್ಲಿ ಇಂತಹ ನೆಲವನ್ನು ಮೊದಲು ಕೂಲಂಕಷವಾಗಿ ಅಭ್ಯಸಿಸಿದ್ದರಿಂದ ಲೋಕದ ವಿಜ್ಞಾನಿಗಳು ಇದಕ್ಕೆ ‘ಕಾರ್ಸ್ಟ್’ ಎಂಬ ಹೆಸರನ್ನು ಕೊಟ್ಟಿದ್ದಾರೆ. ಪ್ರಪಂಚದ ಜನರಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಜನ ಕುಡಿಯುವುದು ಇಂತಹ ನೆಲದ ನೀರನ್ನೇ.

ಫ್ರಾನ್ಸ್ ದೇಶದ ಪೊಂಟಾರ್ಲಿಯೆ ಎಂಬ ಊರಿನಲ್ಲಿ 1901ರ ಆಗಸ್ಟ್ 11ರಂದು ಒಂದು ಮದ್ಯದ ಕಾರ್ಖಾನೆಗೆ ಸಿಡಿಲು ಬಡಿದು ಬೆಂಕಿ ಹತ್ತಿತು. ತೊಟ್ಟಿಗಳು ಸಿಡಿದಾವೆಂಬ ಭಯದಿಂದ ಅಲ್ಲಿಯ ಮದ್ಯವನ್ನೆಲ್ಲ ದೂಬ್ ಎಂಬ ನದಿಗೆ ಹರಿಯಬಿಟ್ಟರು. ಎರಡು ದಿನಗಳ ಆಸುಪಾಸಿನಲ್ಲಿ ದೂರದ ಮತ್ತೊಂದು ಕಣಿವೆಯ ಲೂ ಎಂಬ ನದಿಯ ಉಗಮದಲ್ಲಿ, ಬಂಡೆಯ ಬಾಯಿಂದ ಉಕ್ಕುವ ನೀರಿನಲ್ಲಿ, ಅದೇ ಮದ್ಯದ ವಾಸನೆ ಮೂಡಿತು. ಒಂದಕ್ಕೊಂದು ಸಂಬಂಧವಿಲ್ಲವೆಂದು ತಿಳಿದಿದ್ದ ಎರಡು ನದಿಗಳು ನೆಲದೊಳಗೆ ಕೈಕೈ ಹಿಡಿದಿದ್ದವೆಂಬುದು ಆಗ ಖಚಿತವಾಯಿತು. ಪಂಡಿತರು ಎಷ್ಟೋ ಕಾಲ ತರ್ಕಿಸಿ ನಿರ್ಣಯಿಸಲಾರದುದನ್ನು ಮದ್ಯ ನಿರ್ಣಯಿಸಿತೆಂದರೆ ಮದ್ಯದ ಸ್ತುತಿಯಾದೀತೆಂದು ಯಾರೂ ಭಾವಿಸಬಾರದು. ಗಮನಿಸಬೇಕಾದುದೇನೆಂದರೆ, ನೆಲದೊಳಗೆ ಅಷ್ಟು ದೂರ ಸಾಗಿಯೂ ಆ ನೀರು ತನ್ನಲ್ಲಿ ಸೇರಿದ್ದ ವಾಸನೆಯನ್ನು ಕಳೆದುಕೊಂಡಿರಲಿಲ್ಲ. ನೆಲದಡಿಯಿಂದ ಬಂದ ನೀರೆಲ್ಲ ಸೋಸಿ ಬಂದ ನೀರೆಂಬ ಲೋಕರೂಢಿಯ ನಂಬಿಕೆ ಕಲ್ಲುನಾಡಿನಲ್ಲಿ ನಿಲ್ಲುವುದಿಲ್ಲ.

ಆ ಘಟನೆಯಲ್ಲಿ ಪ್ರಾಣಹಾನಿಯಾಗಲಿಲ್ಲ. ಕೆನಡಾ ದೇಶದ ವಾಕರ್ಟನ್ ಎಂಬ, ಸುಮಾರು 5,000 ಜನರ ಸಣ್ಣ ಪಟ್ಟಣದಲ್ಲಿ 2000ನೆಯ ಇಸವಿಯ ಮೇ ತಿಂಗಳಿನಲ್ಲಿ ನಡೆದುದು ಅಂತಹದಲ್ಲ. ಪಟ್ಟಣಕ್ಕೆ ನೀರೊದಗಿಸುತ್ತಿದ್ದ ಬಾವಿಗಳಲ್ಲಿ ಒಂದು ಬಿರುಕುಬಿಟ್ಟ ಸುಣ್ಣಕಲ್ಲಿನ ಜಾತಿಯ ಬಂಡೆಯಲ್ಲಿ ಕೇವಲ 15 ಮೀಟರ್ ಆಳಕ್ಕೆ ತೋಡಿದ್ದು. ಬಂಡೆಯ ಮೇಲಿನ ಮಣ್ಣು ತೆಳುವಾದದ್ದು. ಬಾವಿಯ ಹತ್ತಿರದ ಹೊಲಕ್ಕೆ ರೈತನೊಬ್ಬ ಕೊಟ್ಟಿಗೆ ಗೊಬ್ಬರವನ್ನು ಚೆಲ್ಲಿದ್ದ. ಮೇ 12ರ ಸುಮಾರಿಗೆ ಭಾರಿ ಮಳೆ ಸುರಿದು ಸಗಣಿಯಲ್ಲಿದ್ದ ರೋಗಾಣುಗಳು ಬಿರುಕುಗಳ ಮೂಲಕ ಬಾವಿಗಿಳಿದುವು. ನೀರಿಗೆ ಬೆರೆಸಬೇಕಾಗಿದ್ದ ಕ್ಲೋರಿನ್ನನ್ನು ತಕ್ಕಷ್ಟು ಬೆರೆಸಿರಲಿಲ್ಲ. ಬೆರೆಸಿದೆವೆಂದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಬರೆದಿದ್ದರು. ಸುಮಾರು 2,300 ಜನರು ಕಾಯಿಲೆ ಬಿದ್ದರು. 7 ಜನರು ಸತ್ತರು. ನ್ಯಾಯಮೂರ್ತಿ ಓ’ಕಾನರ್ ಅವರು ನಡೆಸಿದ ವಿಚಾರಣೆಯ ಒಂದು ನಿರ್ಣಯ ಮನಸ್ಸಿಗೆ ನಾಟುವಂತಹುದು: ಆ ರೈತನಲ್ಲಿ ದೋಷವಿರಲಿಲ್ಲ, ಗೊಬ್ಬರ ಹಾಕುವ ಸರಿಯಾದ ಕ್ರಮವನ್ನೇ ಅವನು ಅನುಸರಿಸಿದ್ದ. ಬಂಡೆಯ ನೆಲದಲ್ಲಿ ಬಾವಿಯ ಬಳಿ ಗೊಬ್ಬರ ಬೀಳುವುದೇ ಅಪಾಯಕ್ಕೆ ಸಾಕಾಯಿತು. ಹಟ್ಟಿಯ ಪಕ್ಕದಲ್ಲಿ ತಿಪ್ಪೆ, ತಿಪ್ಪೆಯ ಪಕ್ಕದಲ್ಲಿ ಬಾವಿ ಇರುವ ಹಳ್ಳಿಗಳ ಜನ ಈ ನಿರ್ಣಯವನ್ನು ಎರಡು ಸಲ ಓದತಕ್ಕದ್ದು.

ಈಗ ಕನಕಪುರದ ಸೀಮೆಗೆ ಬರೋಣ. ಇಲ್ಲಿ ಸುಣ್ಣಕಲ್ಲಿಲ್ಲ, ಕಾರ್ಸ್ಟಿನ ಗವಿಗಳಿಲ್ಲ, ನೆಲದೊಳಗೆ ಭೋರ್ಗರೆವ ಹೊಳೆಗಳಿಲ್ಲ. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಾದ ಈ ಪ್ರದೇಶವೆಲ್ಲ ಕಗ್ಗಲ್ಲಿನ ನಾಡು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಹೆಸರು ಪಡೆದ ಕ್ಲೋಸ್‌ಪೇಟೆ ಗ್ರಾನೈಟು ಇಲ್ಲಿಂದ ಬಡಗಣಕ್ಕೆ ಸುಮಾರು 400 ಕಿಲೋಮೀಟರ್ ಚಾಚಿಕೊಂಡಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಅದರ ಅಕ್ಕಪಕ್ಕದ ನೈಸ್ ಶಿಲೆ ಅದಕ್ಕಿಂತಲೂ ಹಿರಿದು. ಕಬ್ಬಾಳದುರ್ಗದ ಬಳಿ ನೈಸ್ ಶಿಲೆಯು ಚಾರ್ನೊಕೈಟ್ ಎಂಬ ಮತ್ತೊಂದು ಶಿಲೆಯಾಗಿ ಪರಿವರ್ತನೆಗೊಳ್ಳುತ್ತಿದ್ದ ಹಂತವೇ ಕಲ್ಲಿನಲ್ಲಿ ಅಚ್ಚೊತ್ತಿದಂತೆ ಉಳಿದಿರುವುದನ್ನು ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಅವರು 1960ರಲ್ಲಿ ಲೋಕಕ್ಕೆ ತೋರಿಸಿಕೊಟ್ಟರು. ಅಂದಿನಿಂದ ದೇಶವಿದೇಶಗಳ ಶಿಲಾತಜ್ಞರಿಗೆ ಕಬ್ಬಾಳವು ಒಂದು ಯಾತ್ರಾಸ್ಥಳ. ಕಬ್ಬಾಳಮ್ಮನ ಭಕ್ತರಲ್ಲಿ ಎಷ್ಟು ಮಂದಿ ಇದನ್ನು ಬಲ್ಲರೋ ತಿಳಿಯದು.

ಇಂತಹ ಕಲ್ಲಿನ ಗಟ್ಟಿತನವನ್ನು ನೋಡಿ ಇದರೊಳಗೆ ಮಾಲಿನ್ಯ ಇಳಿಯಲಾರದೆಂದು ನಂಬುವುದು ಸುಲಭ. ಅದು ಹುಸಿನಂಬಿಕೆ. ಕಲ್ಲು ಗಟ್ಟಿಯಾದಷ್ಟೂ ನೀರಿಗೆ ಬಿರುಕೇ ಗತಿ. ಬಿರುಕಿನಲ್ಲಿ ಸೋಸುವ ಪದಾರ್ಥವಿಲ್ಲ. ಈ ವಿಷಯದಲ್ಲಿ ಸುಣ್ಣಕಲ್ಲೂ ಕಗ್ಗಲ್ಲೂ ದಾಯಾದಿಗಳೇ. ಸೋಸುವ ಕೆಲಸವೇನಿದ್ದರೂ ನಡೆಯುವುದು ಬಂಡೆಯ ಮೇಲಿನ ಹೊದಿಕೆಯಲ್ಲಿ. ಬಿಸಿಲು ಮಳೆಗಳಿಗೆ ಸಿಕ್ಕಿ ಯುಗಯುಗಗಳಿಂದ ಕೊಳೆತ ಬಂಡೆಯು ಗರಸಾಗಿ, ಜೇಡಿಯಾಗಿ, ಮೇಲ್ಮಣ್ಣಾಗಿ ಕೆಲವೆಡೆ 10ರಿಂದ 20 ಮೀಟರ್ ದಪ್ಪಕ್ಕೆ ನಿಂತಿದೆ. ಬೋಳುಗುಡ್ಡಗಳ ತಪ್ಪಲಿನಲ್ಲಿ ಒಂದು ಮೊಳವೂ ಇಲ್ಲ. ಹಿಂದಿನವರು ತೋಡುತ್ತಿದ್ದ ತೆರೆದ ಬಾವಿಗಳು ಬಹುಮಟ್ಟಿಗೆ ಈ ಹೊದಿಕೆಯ ನೀರನ್ನೇ ನಂಬಿದ್ದುವು. ವರ್ಷಕ್ಕೆ 800 ಮಿಲಿಮೀಟರಿನ ಆಸುಪಾಸಿನ ಮಳೆ ಈ ಗರಸಿನಲ್ಲಿ ಇಂಗಿ, ನಿಧಾನವಾಗಿ ಸೋಸಿ, ಬಾವಿಯ ಒರತೆಗೆ ಬರುತ್ತಿತ್ತು.

ಇದನ್ನು ಮಕ್ಕಳಿಗೆ ಮನಗಾಣಿಸಲು ಪ್ರಯೋಗಶಾಲೆ ಬೇಕಾಗಿಲ್ಲ. ತಳದಲ್ಲಿ ಸಣ್ಣ ತೂತುಳ್ಳ ಎರಡು ಮಡಕೆಗಳು ಸಾಕು. ಒಂದಕ್ಕೆ ತೊಳೆದ ಸಣ್ಣ ಮರಳನ್ನೂ ಇನ್ನೊಂದಕ್ಕೆ ಜಲ್ಲಿಕಲ್ಲನ್ನೂ ತುಂಬಿ ಕೆಮ್ಮಣ್ಣು ಕದಡಿದ ನೀರನ್ನು ಎರಡಕ್ಕೂ ಹೊಯ್ಯಬೇಕು. ಮರಳಿನ ಮಡಕೆಯಿಂದ ತಿಳಿಯಾದ ನೀರು ಹನಿಹನಿಯಾಗಿ ಇಳಿಯುವುದು. ಜಲ್ಲಿಯ ಮಡಕೆಯಿಂದ ಕೆಂಪುನೀರೇ ದಡದಡನೆ ಬೀಳುವುದು. ಇಷ್ಟಕ್ಕೆ ಪಾಠ ಮುಗಿಸಿದರೆ ಅರ್ಧ ಸತ್ಯವನ್ನು ಕಲಿಸಿದಂತಾಯಿತು. ಎರಡನೆಯ ಸಲ ಉಪ್ಪು ಕರಗಿಸಿದ ನೀರನ್ನು ಹೊಯ್ದು ಕೆಳಗೆ ಬಿದ್ದುದನ್ನು ನಾಲಗೆಗೆ ಹಚ್ಚಿ ನೋಡಿಸಬೇಕು. ಎರಡು ಮಡಕೆಗಳ ನೀರೂ ಉಪ್ಪೇ. ತೇಲುವ ಕೊಳೆಯನ್ನು, ರೋಗಾಣುಗಳಲ್ಲಿ ಹೆಚ್ಚಿನವನ್ನು, ಮರಳುಮಣ್ಣು ತಡೆದೀತು, ಕರಗಿದುದನ್ನು ತಡೆಯಲಾರದು. ನೈಟ್ರೇಟು ಉಪ್ಪಿನ ಜಾತಿಯದು. ಕಾರ್ಖಾನೆಗಳ ಕೆಲವು ಲೋಹಗಳೂ ಕರಗಿದ ರೂಪದಲ್ಲಿ ಹೀಗೆಯೇ ನುಸುಳುತ್ತವೆ. ಈ ಎರಡನೆಯ ಸಲದ ನೀರಿನ ರುಚಿಯನ್ನು ಅರಿತ ವಿದ್ಯಾರ್ಥಿಗೆ ಮುಂದಿನ ಮಾತುಗಳು ತಾವಾಗಿಯೇ ಅರ್ಥವಾಗುತ್ತವೆ.

ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಗುಡಿಯುಂಟು. ಆ ಬಸವನ ಪಾದದಡಿಯಲ್ಲಿ ಹುಟ್ಟಿದ ತೊರೆಯೇ ವೃಷಭಾವತಿ ಎಂಬುದು ಜನರ ನಂಬಿಕೆ. ವೃಷಭ ಶಬ್ದದ ತದ್ಭವವೇ ಬಸವ. ನದಿಯ ಹೆಸರಿನಲ್ಲಿ ಬಸವನೇ ಇದ್ದಾನೆ. ಹೆಸರಿಗೆ ಇಷ್ಟು ಪಾವಿತ್ರ್ಯವಿದ್ದು ನೀರಿಗೆ ಇಷ್ಟು ದುರ್ಗತಿ ಬಂದ ನದಿ ಕನ್ನಡನಾಡಿನಲ್ಲಿ ಮತ್ತೊಂದಿಲ್ಲ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಬಳಿ, ಕೆಂಗೇರಿಯ ಬಳಿ, ಹಿಂದಿನವರು ಮಿಂದ ಹೊಳೆ ಇಂದು ಮಹಾನಗರದ ಮೋರಿ. ಅದು ಬಿಡದಿಯ ಕಡೆ 1940ರ ದಶಕದಲ್ಲಿ ಕಟ್ಟಿದ ಭೈರಮಂಗಲದ ಕೆರೆಯನ್ನು ನೊರೆಯಿಂದ ತುಂಬಿ, ಕನಕಪುರದ ಬಳಿ ಅರ್ಕಾವತಿಯನ್ನು ಸೇರುತ್ತದೆ. ನಂದಿಬೆಟ್ಟದಲ್ಲಿ ಹುಟ್ಟಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆಗಳನ್ನು ದಾಟಿ ಬರುವಷ್ಟರಲ್ಲಿ ಅರ್ಕಾವತಿ ಬಡವಾಗಿರುತ್ತಾಳೆ. ರಾಮನಗರದ ಚರಂಡಿಯ ನೀರೂ ರೇಷ್ಮೆ ಬಿಚ್ಚಾಣಿಕೆಯ ಕೊಳೆನೀರೂ ಅವಳ ಪಾಲಿಗೆ ಬಂದಿರುತ್ತವೆ. ಆಮೇಲೆ ವೃಷಭಾವತಿ. ಕನಕಪುರವನ್ನು ದಾಟಿದ ಮೇಲೆ ಉಯ್ಯಂಬಳ್ಳಿಯ ಕಡೆಯ ಹಾರೋಬೆಲೆಯಲ್ಲಿ ಅಣೆಕಟ್ಟು ಅವಳನ್ನು ತಡೆದು ನಿಲ್ಲಿಸುತ್ತದೆ. ಅಲ್ಲಿಂದ ಕಾಡುಗುಡ್ಡಗಳ ನಡುವೆ ಇಳಿದು ಸಂಗಮದಲ್ಲಿ ಕಾವೇರಿಯ ಮಡಿಲು.

1974ರಲ್ಲಿ ಎರಡು ಸಂಗತಿಗಳು ನಡೆದುವು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಎತ್ತಿ ಬೆಂಗಳೂರಿಗೆ ಕೊಡುವ ಯೋಜನೆಯ ಮೊದಲನೆಯ ಹಂತ ಆ ವರ್ಷ ಪೂರೈಸಿತು; ಹಾರೋಹಳ್ಳಿಯ ಪಂಪುಮನೆ ಇದೇ ಸೀಮೆಯಲ್ಲಿದೆ. ಅದೇ ವರ್ಷ ಜಲಮಾಲಿನ್ಯ ನಿವಾರಣೆಗೆಂದು ಸಂಸತ್ತು ಕಾಯಿದೆಯನ್ನು ಮಾಡಿತು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹುಟ್ಟಿತು. ಮೊದಲನೆಯದು ಬೆಳೆದಂತೆ ಎರಡನೆಯದು ಬೆಳೆಯಲಿಲ್ಲ. ಅಂದು ದಿನಕ್ಕೆ 13.5 ಕೋಟಿ ಲೀಟರಾಗಿದ್ದ ಕಾವೇರಿಯ ಪೂರೈಕೆ, 2024ರ ಅಕ್ಟೋಬರಿನಲ್ಲಿ 77.5 ಕೋಟಿ ಲೀಟರಿನ ಐದನೆಯ ಹಂತವೂ ಸೇರಿ, ದಿನಕ್ಕೆ 200 ಕೋಟಿ ಲೀಟರಿನ ಸಾಮರ್ಥ್ಯವನ್ನು ಮೀರಿದೆ. ಮನೆಗೆ ಹೋದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೊಳೆನೀರಾಗಿ ಹೊರಬರುವುದೆಂದು ಇಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ನಗರದ ದಿಣ್ಣೆಯ ಮೂಡಣಕ್ಕೆ ಬಿದ್ದುದು ದಕ್ಷಿಣ ಪಿನಾಕಿನಿಯ ಕಡೆಗೆ ಇಳಿಯುತ್ತದೆ. ಪಡುವಣಕ್ಕೆ ಬಿದ್ದುದು ವೃಷಭಾವತಿಯ ಪಾಲು. ಕನಕಪುರದ ರಸ್ತೆಯ ಮಗ್ಗುಲಲ್ಲಿ ಕೊಳವೆಯೊಳಗೆ ಮೇಲಕ್ಕೆ ಏರಿಹೋದ ಕಾವೇರಿಯು ವೃಷಭಾವತಿಯ ಕಣಿವೆಯಲ್ಲಿ ಬೇರೆ ಮುಖ ಹೊತ್ತು ಕೆಳಗಿಳಿದು ಬರುತ್ತಾಳೆ. ಹಳ್ಳಿಗಳ ಎದುರಿನಲ್ಲಿಯೇ ಹೋದ ನೀರು, ಹಳ್ಳಿಗಳ ಎದುರಿಗೇ ಮರಳುವ ನೀರು. ಎರಡರ ನಡುವೆ ಆಗುವುದೇನು ಎಂಬುದನ್ನು ಹಳ್ಳಿಗರನ್ನು ಕೇಳಿದವರಿಲ್ಲ.

ಶುದ್ಧೀಕರಣದ ಘಟಕಗಳು ಇಲ್ಲವೆಂದಲ್ಲ. ವೃಷಭಾವತಿ ಕಣಿವೆಯಲ್ಲಿಯೇ ದೊಡ್ಡ ಘಟಕಗಳಿವೆ. ಆದರೆ ಮನೆಯ ಕೊಳೆಗೆಂದು ಮಾಡಿದ ಘಟಕವು ಲೋಹವನ್ನು ಕಳೆಯಲೆಂದು ಮಾಡಿದುದಲ್ಲ. ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಲೋಹಕ್ಕೆ ಮುಲಾಮು ಬಳಿಯುವ ಕೆಲಸದಿಂದ ಹೊರಬಿದ್ದ ಕ್ರೋಮಿಯಂ ಅಲ್ಲಿಯ ಕೊಳವೆ ಬಾವಿಗಳ ನೀರಿನಲ್ಲಿ ಕಾಣಿಸಿಕೊಂಡಿರುವುದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಕುಡಿಯುವ ನೀರಿನಲ್ಲಿ ಅದಕ್ಕೆ ಭಾರತೀಯ ಮಾನಕವು ವಿಧಿಸಿರುವ ಮೇರೆ ಲೀಟರಿಗೆ 0.05 ಮಿಲಿಗ್ರಾಂ. ಪೀಣ್ಯದ ಅಡಿಯಲ್ಲಿರುವುದು ಸುಣ್ಣಕಲ್ಲಲ್ಲ, ಕನಕಪುರದ ಬಂಧುವಾದ ನೈಸ್ ಶಿಲೆಯೇ. ಕಗ್ಗಲ್ಲಿನ ನೆಲದ ಆಳಕ್ಕೆ ಕೇಡು ಇಳಿಯುವುದೇ ಎಂಬ ಸಂಶಯಕ್ಕೆ ಬೇರೆ ಉತ್ತರ ಬೇಕಾಗಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಪ್ರಕಟಿಸಿದ ಕಲುಷಿತ ನದೀಪಾತ್ರಗಳ ಪಟ್ಟಿಯಲ್ಲಿ ಕರ್ನಾಟಕದ 17 ಪಾತ್ರಗಳಿದ್ದುವು. ಕನಕಪುರದವರೆಗಿನ ಅರ್ಕಾವತಿ ಅವುಗಳಲ್ಲೊಂದು.

ಹಾರೋಬೆಲೆಯ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಹರಿವ ನೀರು ಜಂಗಮ, ನಿಂತ ನೀರು ಸ್ಥಾವರ. ಹರಿಯುವ ಹೊಳೆಯ ಕೊಳೆ ಮುಂದಕ್ಕೆ ಹೋಗುತ್ತದೆ. ಅಣೆಕಟ್ಟಿನ ಹಿಂದೆ ನಿಂತಾಗ ತೇಲುವ ಕೊಳೆ ತಳಕ್ಕೆ ಕೂರುತ್ತದೆ, ಕರಗಿದುದು ನೀರಿನಲ್ಲಿಯೇ ಉಳಿಯುತ್ತದೆ, ನೀರು ತನ್ನ ಭಾರದಿಂದ ದಂಡೆಯ ಗರಸಿಗೂ ಬಂಡೆಯ ಸೀಳುಗಳಿಗೂ ಇಂಗುತ್ತದೆ. ಜಲಾಶಯವೂ ಕಾಲುವೆಯೂ ಸುತ್ತಿನ ಅಂತರ್ಜಲವನ್ನು ಹೆಚ್ಚಿಸುತ್ತವೆಂದು ಹೊಗಳುವುದುಂಟು, ಅದು ನಿಜ. ಆದರೆ ಹೆಚ್ಚುವ ನೀರು ಎಂತಹುದೋ ಅಂತಹುದೇ ಬಾವಿಗೆ ಬರುವುದು. ಭೈರಮಂಗಲದ ಕೆಳಗಿನ ಅಚ್ಚುಕಟ್ಟಿನ ರೈತರ ಸಂಕಟ ಇನ್ನೂ ಜಟಿಲವಾದದ್ದು. ಮಳೆಯನ್ನು ನೆಚ್ಚಿದ್ದ ಹೊಳೆ ವರ್ಷವಿಡೀ ಹರಿಯತೊಡಗಿದುದು ಕೊಳೆನೀರಿನ ದೆಸೆಯಿಂದಲೇ. ಭತ್ತವನ್ನು ಬಿಟ್ಟು ಮೇವಿನ ಹುಲ್ಲು, ಹಿಪ್ಪುನೇರಳೆ, ಎಳೆಜೋಳಗಳಿಗೆ ತಿರುಗಿದವರ ಬದುಕು ಆ ನೀರಿನ ಮೇಲೆಯೇ ನಿಂತಿದೆ. ನೀರು ಬೇಡವೆನ್ನಲಾರರು, ಅದನ್ನು ಕುಡಿಯಲಾರರು. ಪಟ್ಟಣದಲ್ಲಿ ಕುಳಿತು ಇವರಿಗೆ ಬುದ್ಧಿ ಹೇಳುವುದು ಸುಲಭವೇ ಹೊರತು ನ್ಯಾಯವಲ್ಲ.

ಸುಣ್ಣಕಲ್ಲಿಗೂ ಕಗ್ಗಲ್ಲಿಗೂ ಇರುವ ಒಂದು ಭೇದವನ್ನು ಈಗ ಹೇಳಬೇಕು. ಈ ಲೇಖನದ ಮುಖ್ಯ ವಿಷಯ ಇದೇ ಆಗಿದೆ. ಕಾರ್ಸ್ಟಿನಲ್ಲಿ ಸುರಂಗಗಳು ಅಗಲವಾದ್ದರಿಂದ ಕೇಡು ಬೇಗ ಬರುತ್ತದೆ, ಅದರ ಬಹುಪಾಲು ಬೇಗ ತೊಳೆದುಹೋಗುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಕಣ್ಣಿಗೂ ಮೂಗಿಗೂ ಗೊತ್ತಾಗುತ್ತದೆ. ಪೊಂಟಾರ್ಲಿಯೆಯಲ್ಲಿ ಎರಡು ದಿನ ಸಾಕಾಯಿತು. ಕಗ್ಗಲ್ಲಿನ ಬಿರುಕುಗಳು ಕೂದಲಿನಷ್ಟು ಸೂಕ್ಷ್ಮ. ಒಂದು ಸೀಳು ಮತ್ತೊಂದನ್ನು ಸೇರುವುದು ಎಲ್ಲೋ, ಸೇರದಿರುವುದು ಎಲ್ಲೋ. ಇಲ್ಲಿ ಕೇಡು ವರ್ಷಗಳ ಮೇಲೆ ಬರಬಹುದು. ಒಂದು ಬಾವಿಗೆ ಬಂದು ನೂರು ಗಜದಾಚೆಯ ಬಾವಿಗೆ ಬಾರದಿರಬಹುದು. ಬಂದುದು ಒಂದು ತಲೆಮಾರಿನವರೆಗೂ ಹೋಗದಿರಬಹುದು. ಬಣ್ಣವಿಲ್ಲ, ವಾಸನೆಯಿಲ್ಲ. ನೈಟ್ರೇಟು ಬೆರೆತ ನೀರು ತಿಳಿಯಾಗಿ, ತಂಪಾಗಿ, ರುಚಿಯಾಗಿಯೇ ಇರುತ್ತದೆ. ಆದುದರಿಂದಲೇ ಸುಣ್ಣಕಲ್ಲಿನ ನಾಡಿಗಿಂತ ಕಗ್ಗಲ್ಲಿನ ನಾಡಿನಲ್ಲಿ ಹೆಚ್ಚು ಎಚ್ಚರ ಬೇಕಾಗಿದೆ. ಅಲ್ಲಿ ನೀರೇ ದೂರು ಹೇಳುತ್ತದೆ, ಇಲ್ಲಿ ಹೇಳುವುದಿಲ್ಲ.

ತೆರೆದ ಬಾವಿಯ ಕಾಲ ಮುಗಿಯುತ್ತ ಬಂದು ಕೊಳವೆ ಬಾವಿಯ ಕಾಲ ಬಂದುದರಿಂದ ಈ ಎಚ್ಚರದ ಅಗತ್ಯ ಇಮ್ಮಡಿಸಿತು. 1970ರ ದಶಕದ ಕೈಪಂಪುಗಳು ಹಳ್ಳಿಗೆ ಮಾಡಿದ ಉಪಕಾರವನ್ನು ಮರೆಯುವಂತಿಲ್ಲ. ಕಾಲರಾದ ಭಯದಲ್ಲಿದ್ದ ಕೇರಿಗಳಿಗೆ ಅವು ಶುದ್ಧವಾದ ನೀರನ್ನೇ ಕೊಟ್ಟುವು. ಆದರೆ ನೀರು ಕೆಳಕೆಳಗಿಳಿದು ಕೊರೆತ ಸಾವಿರ ಅಡಿಯನ್ನು ಮೀರಿದ ಮೇಲೆ ಸೋಸುವ ಗರಸಿನ ಹೊದಿಕೆಯಲ್ಲಿ ನೀರೇ ಉಳಿಯಲಿಲ್ಲ. ಕೊಳವೆ ಬಾವಿಯೆಂಬುದು ಆ ಹೊದಿಕೆಯನ್ನು ತೂತು ಮಾಡಿ ನೇರವಾಗಿ ಬಂಡೆಯ ಸೀಳಿಗೆ ಇಳಿಸಿದ ನಾಳ. ಗಟ್ಟಿಬಂಡೆ ಸಿಗುವವರೆಗೆ ಇಳಿಸುವ ಹೊರಕೊಳವೆಗೂ ಮಣ್ಣಿಗೂ ನಡುವೆ ಉಳಿಯುವ ಸಂದನ್ನು ಜೇಡಿಯಿಂದಲೋ ಸಿಮೆಂಟಿನಿಂದಲೋ ಮುಚ್ಚಬೇಕು. ಬಾಯಿಯ ಸುತ್ತ ಕಟ್ಟೆ ಕಟ್ಟಬೇಕು. ಕೊರೆಯುವ ಯಂತ್ರದವರು ಒಂದು ರಾತ್ರಿಯಲ್ಲಿ ಕೆಲಸ ಮುಗಿಸಿ ಹೊರಡುವ ಆತುರದಲ್ಲಿ ಇವೆರಡೂ ಸಾಮಾನ್ಯವಾಗಿ ಉಳಿದುಹೋಗುತ್ತವೆ. ಹೀಗಾಗಿ ಮಳೆ ಬಂದಾಗ ಅಂಗಳದ ಗಂಜಲವೂ ಚರಂಡಿಯ ನೀರೂ ಕೊಳವೆಯ ಹೊರಮೈಗುಂಟ ಜಾರಿ ಕೆಳಗಿಳಿಯುತ್ತವೆ. ನೀರು ಸಿಗದೆ ಬಿಟ್ಟ ಬಾವಿಗಳು ಇದಕ್ಕಿಂತಲೂ ಕೆಟ್ಟವು. ಅವುಗಳ ಬಾಯಿ ಮುಚ್ಚದಿದ್ದರೆ ಮಕ್ಕಳು ಬಿದ್ದು ಸಾಯುವ ದಾರುಣ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಅದೇ ಬಾಯಿಂದ ದಿನವೂ ಕೊಳೆ ಇಳಿಯುವುದು ಯಾವ ಪತ್ರಿಕೆಗೂ ಸುದ್ದಿಯಲ್ಲ. ಸುಣ್ಣಕಲ್ಲಿನ ನಾಡಿನಲ್ಲಿ ಪ್ರಕೃತಿ ಯುಗಗಳಲ್ಲಿ ಕೊರೆದ ನುಂಗುಗುಣಿಗಳನ್ನು ಕಗ್ಗಲ್ಲಿನ ನಾಡಿನಲ್ಲಿ ಮನುಷ್ಯ ಐವತ್ತು ವರ್ಷಗಳಲ್ಲಿ ಕೊರೆದಿಟ್ಟಿದ್ದಾನೆ.

ಎಲ್ಲ ದೋಷವನ್ನೂ ಮಹಾನಗರದ ತಲೆಗೆ ಕಟ್ಟುವುದು ಉಚಿತವಲ್ಲ. ಹೊಳೆಯಿಂದ ದೂರವಿರುವ ಹಳ್ಳಿಗಳ ಬಾವಿಗಳಲ್ಲಿ ನೈಟ್ರೇಟು ಬಂದರೆ ಅದು ತಿಪ್ಪೆಯಿಂದ, ಯೂರಿಯಾದಿಂದ, ಶೌಚದ ಗುಂಡಿಯಿಂದ ಬಂದುದೇ ಆಗಿರುತ್ತದೆ. ಲೀಟರಿಗೆ 45 ಮಿಲಿಗ್ರಾಂ ಎಂಬುದು ನೈಟ್ರೇಟಿನ ಮೇರೆ. ಅದು ಮೀರಿದ ನೀರಿನಲ್ಲಿ ಕದಡಿದ ಹಾಲನ್ನು ಕುಡಿದ ಎಳೆಗೂಸಿನ ರಕ್ತ ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುತ್ತದೆ. ನೀರನ್ನು ಕಾಯಿಸಿದರೆ ರೋಗಾಣು ಸಾಯುತ್ತದೆ. ನೈಟ್ರೇಟು ಸಾಯುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ತಾಯಂದಿರಿಗೆ ಇದನ್ನು ತಿಳಿಸುವ ಹೊಣೆ ಯಾರದೆಂಬುದು ನಿಶ್ಚಯವಾಗದೆ ಉಳಿದಿದೆ. ಮನೆಮನೆಗೂ ಶೌಚಾಲಯ ಬಂದುದು ಪರಮ ಶ್ರೇಯಸ್ಕರ. ಆದರೆ ಗುಂಡಿಗೂ ಬಾವಿಗೂ 15 ಮೀಟರ್ ಅಂತರವಿರಬೇಕೆಂಬ ಸಾಮಾನ್ಯ ನಿಯಮವನ್ನು ಮಣ್ಣು ದಪ್ಪವಾಗಿರುವ ನೆಲಕ್ಕಾಗಿ ಹೇಳಿದುದೆಂದು ತಿಳಿಯಬೇಕು. ಬಂಡೆ ಮೇಲೆಯೇ ಕಾಣುವ ಕಡೆ, ಗುಂಡಿ ತೋಡುವಾಗ ಹಾರೆ ಕಲ್ಲಿಗೆ ತಾಗುವ ಕಡೆ, ಆ ಅಂತರ ಸಾಲದು.

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮನು ಕೆರೆ ತೋಡಿಸುವುದನ್ನೇ ತನ್ನ ಕಾಯಕದ ಮುಖ್ಯ ಭಾಗವಾಗಿಸಿಕೊಂಡನು. ಶರಣಪರಂಪರೆಯ ಮಠಗಳು ಅಂದಿನಿಂದಲೂ ಅನ್ನದಂತೆ ನೀರನ್ನೂ ದಾಸೋಹದ ವಸ್ತುವೆಂದು ಭಾವಿಸಿವೆ. ಇಂದು ಒಂದು ಶಾಲೆಗೆ ಸಾಧ್ಯವಾದ ದಾಸೋಹವು ಕೆರೆಯಷ್ಟು ದೊಡ್ಡದಲ್ಲ, ಒಂದು ದಾಖಲೆಯ ಪುಸ್ತಕದಷ್ಟು. ಹೋಬಳಿಯ ಪ್ರತಿಯೊಂದು ಕುಡಿಯುವ ನೀರಿನ ಬಾವಿಗೂ ಅದರಲ್ಲಿ ಒಂದು ಪುಟವಿರಬೇಕು: ಕೊರೆದ ವರ್ಷ, ಆಳ, ಎಷ್ಟನೆಯ ಅಡಿಯಲ್ಲಿ ಗಟ್ಟಿಬಂಡೆ ಸಿಕ್ಕಿತು, ಹೊರಕೊಳವೆಯ ಉದ್ದ, ಹತ್ತಿರದ ಗುಂಡಿಗೂ ತಿಪ್ಪೆಗೂ ಹೊಳೆಗೂ ಇರುವ ದೂರ. ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲೊಮ್ಮೆ, ಹಿಂಗಾರು ಮುಗಿದ ಮೇಲೊಮ್ಮೆ, ನೀರಿನ ಪರೀಕ್ಷೆ. ನೈಟ್ರೇಟು, ಫ್ಲೋರೈಡು, ರೋಗಾಣುಗಳ ಪರೀಕ್ಷೆಗೆ ಸಣ್ಣ ಪೆಟ್ಟಿಗೆಯ ಸಾಧನ ಸಾಕು. ಪ್ರೌಢಶಾಲೆಯ ಬಾಲಕರು ಮಾಡಬಲ್ಲರು. ಹೊಳೆಯ ದಂಡೆಯ ಬಾವಿಗಳ ನೀರನ್ನು ಮಾತ್ರ ಲೋಹಗಳಿಗಾಗಿ ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಅದರ ವೆಚ್ಚ ದಾನಿಗಳಿಗೆ ಹೊರೆಯಾಗುವಂತಹುದಲ್ಲ. ಹತ್ತು ವರ್ಷ ಹೀಗೆ ಬರೆದಿಟ್ಟ ಪುಸ್ತಕವನ್ನು ಯಾವ ಕಚೇರಿಯೂ ತಳ್ಳಿಹಾಕಲಾರದು. ಬಾಯಿಮಾತಿನ ದೂರಿಗೆ ಇರದ ತೂಕ ಅದಕ್ಕಿರುತ್ತದೆ.

ಪುಸ್ತಕದಲ್ಲಿ ಮತ್ತೊಂದು ಅಂಕಣಕ್ಕೂ ಜಾಗ ಬೇಕು. ಹಳ್ಳಿಗಳಲ್ಲಿ ಈಗ ನಾಣ್ಯ ಹಾಕಿದರೆ ಶುದ್ಧ ನೀರು ಕೊಡುವ ಘಟಕಗಳಿವೆ. ಅವು ಬಾವಿಯ ನೀರನ್ನು ಸೋಸಿ, ಒಂದು ಪಾಲನ್ನು ಕುಡಿಯಲು ಕೊಟ್ಟು, ತೆಗೆದ ಉಪ್ಪು, ಫ್ಲೋರೈಡು, ನೈಟ್ರೇಟುಗಳನ್ನೆಲ್ಲ ಉಳಿದ ಪಾಲಿನ ನೀರಿನಲ್ಲಿ ಸೇರಿಸಿ ಹೊರಹಾಕುತ್ತವೆ. ಕೊಡ ಹೊತ್ತು ಹೋಗುವವರ ಕಣ್ಣಿಗೆ ಆ ಹೊರನೀರು ಬೀಳುವುದಿಲ್ಲ. ಅದು ಘಟಕದ ಹಿಂದಿನ ಸಣ್ಣ ಕೊಳವೆಯಿಂದ ಚರಂಡಿಗೋ ಬಯಲಿನ ಗುಂಡಿಗೋ ಬೀಳುತ್ತದೆ. ಆ ಗುಂಡಿ ಘಟಕದ ಬಾವಿಗೆ ಎಷ್ಟು ಗಜ ದೂರದಲ್ಲಿದೆ, ಅದರ ತಳದಲ್ಲಿ ಕಾಣುವುದು ಮಣ್ಣೋ ಗರಸೋ ಬರಿಯ ಬಂಡೆಯೋ ಎಂಬುದನ್ನು ವಿದ್ಯಾರ್ಥಿಗಳು ಹೋಗಿ ಅಳೆದು, ಮೊದಲ ವರ್ಷವೇ ಬರೆದಿಡಬೇಕು.